ಮೂವತ್ತನಾಲ್ಕು ಇಂಚು

ಆಲ್ಕೊಳ ಸರ್ಕಲ್ಲಿನ ಹಿಂದಿನ ಓಣಿಯ ಆ ಮನೆಯಲ್ಲಿ ಅಪ್ಪ ಮಗ ಮಾತು ಬಿಟ್ಟು ವರ್ಷದ ಮೇಲಾಗಿತ್ತು. ಮಾತು ಬಿಟ್ಟರು ಅಂದರೆ ಮನೆಯಲ್ಲಿ ಮಾತು ನಿಂತಿತು ಅಂತ ಅರ್ಥವಲ್ಲ. ಸಂಸಾರ ಅಂದ ಮೇಲೆ ಸಿಲಿಂಡರ್ ಮುಗಿಯುತ್ತದೆ, ನಲ್ಲಿಯಲ್ಲಿ ನೀರು ಬರುತ್ತದೆ, ಕರೆಂಟಿನವನು ಬಿಲ್ಲು ಎಸೆದು ಹೋಗುತ್ತಾನೆ. ಇದನ್ನೆಲ್ಲ ಒಬ್ಬರು ಇನ್ನೊಬ್ಬರಿಗೆ ಹೇಳಲೇಬೇಕು. ಆ ಹೇಳುವ ಕೆಲಸವನ್ನು ಇಬ್ಬರೂ ಸೇರಿ ಸಮತಾಳ ತಲೆಗೆ ಕಟ್ಟಿದ್ದರು.

"ನಿನ್ನ ತಮ್ಮಂಗೆ ಹೇಳು, ಬಚ್ಚಲ ಲೈಟ್ ಆರಿಸಿ ಬರೋಕೆ ಏನು ದಾಡಿ ಅಂತ," ಎನ್ನುವರು ಓಬಯ್ಯ.

ತಮ್ಮ ಧರ್ಮೇಂದ್ರ ಅಲ್ಲೇ ಎರಡು ಮಾರು ದೂರದಲ್ಲಿ ತಲೆ ಒರೆಸಿಕೊಳ್ಳುತ್ತ ನಿಂತಿರುವನು. ಸಮತಾ ಅವನ ಕಡೆ ತಿರುಗಿ, "ಲೈಟ್ ಆರಿಸ್ಬೇಕಂತೆ ಕಣೋ," ಎನ್ನುವಳು.

"ಆರಿಸೇ ಬಂದಿದೀನಿ ಅಂತ ಹೇಳಕ್ಕ."

"ಆರಿಸಿದಾನಂತೆ ಅಪ್ಪ."

"ನಂಗೇನು ಕಿವಿ ಇಲ್ವಾ?" ಎಂದು ಓಬಯ್ಯ ಅವಳ ಮೇಲೆಯೇ ರೇಗುವರು. ದಾಡಿ ಎಂಬ ಮಾತನ್ನು ಅವಳು ನುಂಗಿದ್ದು ಯಾರ ಲೆಕ್ಕಕ್ಕೂ ಬರುತ್ತಿರಲಿಲ್ಲ. ಅಪ್ಪನ ಬಾಯಿಂದ ಬಂದದ್ದರಲ್ಲಿ ಮುಳ್ಳು ತೆಗೆದು ತಮ್ಮನಿಗೆ ಕೊಡುವುದು, ತಮ್ಮನದರಲ್ಲಿ ಮುಳ್ಳು ತೆಗೆದು ಅಪ್ಪನಿಗೆ ಕೊಡುವುದು ಅವಳಿಗೆ ಮೀನು ಬಿಡಿಸಿದಷ್ಟೇ ಅಭ್ಯಾಸವಾಗಿ ಹೋಗಿತ್ತು.

ಜಗಳದ ಮೂಲ ದೊಡ್ಡದೇನಲ್ಲ; ಇಂಥವುಗಳ ಮೂಲ ಯಾವಾಗಲೂ ಚಿಕ್ಕದೇ. ಓಬಯ್ಯ ಮಾಚೇನಹಳ್ಳಿಯ ಒಂದು ಫೌಂಡ್ರಿಯಲ್ಲಿ ಪ್ಯಾಟರ್ನ್ ಮಾಡುತ್ತಿದ್ದರು. ಎರಕ ಹೊಯ್ಯಬೇಕಾದ ಸಾಮಾನನ್ನು ಮೊದಲು ಮರದಲ್ಲಿ ಮಾಡಿಕೊಡುವುದು ಅವರ ಕೆಲಸ. ಆ ಮರದ ರೂಪವನ್ನು ಮರಳಿನಲ್ಲಿ ಒತ್ತಿ ತೆಗೆದು, ಉಳಿದ ಗುಳಿಗೆ ಕಾದ ಉಕ್ಕು ಸುರಿಯುತ್ತಾರೆ. ಬಡಗಿ ಮನೆತನದವರಲ್ಲದ ಓಬಯ್ಯ ಹೆಲ್ಪರಾಗಿ ಸೇರಿ, ಬೈಸಿಕೊಂಡು, ಉಳಿಯಿಂದ ಕೈ ಕುಯ್ದುಕೊಂಡು ಆ ಕೆಲಸ ಕಲಿತವರು. ಅದರ ಬಗ್ಗೆ ಅವರಿಗೆ ಬಹಳ ಅಭಿಮಾನ. ಸೂಪರ್‌ವೈಸರನ ಹಿಂದೆ ಮುಂದೆ ತಿರುಗಿ ಮಗನನ್ನೂ ಅಲ್ಲೇ ಒಳಗೆ ಹಾಕಿಸಿದರು. ಮಗ ಒಂದು ವಾರ ಹೋದ, ಮುಂದಿನ ವಾರ ಮುರುಗೇಶಪ್ಪ ಮಾಸ್ಟರರ ಆರ್ಕೆಸ್ಟ್ರಾ ವ್ಯಾನು ಹತ್ತಿ ಸಾಗರಕ್ಕೆ ಹೋದ. "ಏನ್ ಓಬಯ್ಯ, ನಿಮ್ಮ ಹುಡುಗ ಗಿಟಾರ್ ಬಾರಿಸ್ತಾನಂತೆ?" ಎಂದು ಸೂಪರ್‌ವೈಸರ್ ಎಲ್ಲರ ಮುಂದೆ ನಕ್ಕ. ಅವತ್ತೇ ಓಬಯ್ಯ ಮಗನ ಜೊತೆ ಮಾತು ಬಿಟ್ಟರು. ಆಮೇಲೆ ಫೌಂಡ್ರಿಗೆ ಅಲ್ಯೂಮಿನಿಯಮ್ ಪ್ಯಾಟರ್ನುಗಳು ಹೊರಗಿನಿಂದಲೇ ಬರತೊಡಗಿ, ಮರದ ಪ್ಯಾಟರ್ನ್ ಶಾಪಿಗೆ ಬೀಗ ಬಿದ್ದು, ಓಬಯ್ಯ ಒಂದು ಶಾಲು ಹೊದೆಸಿಕೊಂಡು ಮನೆಗೆ ಬಂದರು. ಬರುವಾಗ ತಮ್ಮ ಉಳಿಗಳನ್ನೂ ಎರಡಡಿಯ ಒಂದು ಸ್ಟೀಲ್ ಸ್ಕೇಲನ್ನೂ ತಂದಿದ್ದರು. ಸ್ಕೇಲನ್ನು ದೇವರ ಪಟದ ಪಕ್ಕದ ಮೊಳೆಗೆ ನೇತುಹಾಕಿ, ತಾವು ಜಗುಲಿಯ ಮೇಲೆ ಕೂತರು. ಕೂತವರು ಏಳಲೇ ಇಲ್ಲ ಅನ್ನಬಹುದು.

ಮನೆ ನಡೆಯುತ್ತಿದ್ದದ್ದು ಸಮತಾ ಹೊಲಿಯುತ್ತಿದ್ದ ಬ್ಲೌಸುಗಳಿಂದ, ಮತ್ತು ಧರ್ಮೇಂದ್ರ ಹಗಲು ಕ್ಯಾಸೆಟ್ ಅಂಗಡಿಯಲ್ಲಿ ನಿಂತು ತರುತ್ತಿದ್ದ ಸಂಬಳದಿಂದ. ಈಗ ಸಮತಾಳಿಗೆ ಮದುವೆ ಗೊತ್ತಾಗಿತ್ತು. ಹುಡುಗ ಯೋಗರಾಜ್, ಭದ್ರಾವತಿ ನ್ಯೂಟೌನಿನವನು, ಕಾಗದದ ಕಾರ್ಖಾನೆಯಲ್ಲಿ ಕೆಲಸ. ದೀಪಾವಳಿ ಕಳೆದ ಮೇಲೆ ಮದುವೆ. ಹುಡುಗ ಒಳ್ಳೆಯವನು, ಮನೆ ಒಳ್ಳೆಯದು, ಹತ್ತಿರದ ಊರು. ಆದರೆ ಸಮತಾಳಿಗೆ ಒಂದೇ ಚಿಂತೆ. ತಾನು ಹೋದ ಮೇಲೆ ಇವರಿಬ್ಬರ ನಡುವೆ ಮಾತು ಯಾರು ಹೊರುತ್ತಾರೆ? ಅಮ್ಮ ಶೇಷಮ್ಮನಿಂದ ಅದು ಆಗದ ಕೆಲಸ. ಅಮ್ಮ ಮುಳ್ಳು ತೆಗೆಯುವವಳಲ್ಲ, ಇನ್ನೆರಡು ಸೇರಿಸುವವಳು. ಮದುವೆಗೆ ಮುಂಚೆ ಈ ಗಂಡಸರಿಬ್ಬರನ್ನೂ ಮಾತಾಡಿಸಲೇಬೇಕು ಎಂದು ಅವಳು ಹಟ ಹಿಡಿದಿದ್ದಳು.

ಅಷ್ಟರಲ್ಲಿ ಧರ್ಮೇಂದ್ರನ ಗಿಟಾರ್ ಹೋಯಿತು. ಅವನು ಬಾರಿಸುತ್ತಿದ್ದದ್ದು ಬೇಸ್ ಗಿಟಾರ್. ನಾಲ್ಕೇ ತಂತಿ, ಹಾಡಿನ ತಳದಲ್ಲಿ ಗುಮ್ ಗುಮ್ ಅನ್ನುವಂಥದ್ದು. ಅದೂ ಯಾರದೋ ಎರವಲು. ಅದರ ಯಜಮಾನ ಹುಬ್ಬಳ್ಳಿಗೆ ಹೋಗುತ್ತ ವಾಪಸು ಕೇಳಿದ್ದ.

"ಗಣಪತಿ ಸೀಸನ್ ಒಳಗೆ ಸ್ವಂತದ್ದು ತಂದ್ರೆ ಜಾಗ ನಿಂದೇ, ಇಲ್ಲಾಂದ್ರೆ ಬೇರೆಯವ್ರನ್ನ ನೋಡ್ಕೋತೀನಿ ಅಂದ್ರು ಮಾಸ್ಟ್ರು," ಎಂದ ಧರ್ಮೇಂದ್ರ, ಅಕ್ಕಿರೊಟ್ಟಿ ಮುರಿಯುತ್ತ. "ಹೊಸದರ ರೇಟ್ ಕೇಳಿದ್ರೆ ತಲೆ ತಿರುಗ್ತದೆ ಮಾರಾಯ್ತಿ."

ಮಾರನೆಯ ದಿನ ಸಮತಾ ಅಪ್ಪನಿಗೆ ಕಾಫಿ ಕೊಡುತ್ತ, "ಅಪ್ಪ, ಆ ಗಿಟಾರ್ ಒಳಗೆ ಟೊಳ್ಳಿರಲ್ವಂತೆ. ಗಟ್ಟಿ ಹಲಗೆ, ಅದಕ್ಕೊಂದು ಮರದ ಕತ್ತು, ಅಷ್ಟೇಯಂತೆ," ಎಂದಳು.

"ಟೊಳ್ಳಿಲ್ದೆ ಸದ್ದೆಲ್ಲಿಂದ ಬರ್ತದೆ?"

"ಕರೆಂಟಿಂದ."

"ಹಂಗಾದ್ರೆ ಅದು ವಾದ್ಯ ಅಲ್ಲ, ಮಿಕ್ಸಿ," ಎಂದರು ಓಬಯ್ಯ. ಆದರೆ ಕಾಫಿ ಲೋಟ ಆರುವ ತನಕ ಕೈಯಲ್ಲೇ ಹಿಡಿದು ಕೂತರು. ಸಂಜೆ ಎದ್ದು ಉಳಿಗಳ ಗಂಟು ಬಿಚ್ಚಿದರು. "ಅವನಿಗೆ ಹೇಳು, ಅಳತೆ ಬೇಕು ಅಂತ."

ಧರ್ಮೇಂದ್ರ ಎರವಲು ಗಿಟಾರನ್ನು ಕೊಡುವ ಮುಂಚೆ ಗಾಂಧಿಬಜಾರಿನಿಂದ ಹೊಸ ಟೇಪು ತಂದು ಅಳೆದ. ಸಮತಾ ಅಪ್ಪನಿಗೆ ಒಪ್ಪಿಸಿದಳು: "ಮೇಲೆ ತಂತಿ ಕೂರೋ ಪಟ್ಟಿಯಿಂದ ಕೆಳಗೆ ಬ್ರಿಜ್ಜಿನ ತನಕ ಮೂವತ್ತನಾಲ್ಕು ಇಂಚು. ಮಧ್ಯೆ ಮೆಟ್ಟಿಲುಗಳು, ಒಂದೊಂದರ ಅಳತೇನೂ ಬರೆದಿದಾನೆ." ವೀಣೆಗೆ ಇರುವಂಥದೇ ಲೋಹದ ಮೆಟ್ಟಿಲು, ಬೆರಳು ಎಲ್ಲಿ ಒತ್ತಿದರೆ ಯಾವ ಸ್ವರ ಎಂದು ಅವೇ ಹೇಳುವುದು. ವೀಣೆಯವರು ಕುದುರೆ ಅನ್ನುವುದಕ್ಕೆ ಇವರು ಬ್ರಿಜ್ಜು ಅನ್ನುತ್ತಾರೆ. ಕತ್ತಿಗೆ ಫೌಂಡ್ರಿಯ ಹಳೇ ಪ್ಯಾಟರ್ನಿನ ತೇಗದ ತುಂಡಿತ್ತು. ಮೈಗೆ ಹಲಗೆ ಎಲ್ಲಿ?

"ಅಟ್ಟದ ಮೇಲೆ ಹಲಸಿನದು ಇದೆಯಲ್ಲ," ಎಂದಳು ಸಮತಾ.

ಶೇಷಮ್ಮ ಒಲೆ ಮುಂದಿನಿಂದ ಎದ್ದು ಬಂದರು. "ಅದು ನಿನ್ನ ಮಂಚಕ್ಕೆ ಅಂತ ಕುಂಸಿಯಿಂದ ನಮ್ಮಣ್ಣ ಹೊತ್ಕೊಂಡು ಬಂದು ಕೊಟ್ಟಿದ್ದು! ಮದ್ವೆ ಮಂಚದ ಹಲಗೇಲಿ ಇವ್ನು ಕುಣಿಯೋಕೆ ಗಿಟಾರ್ ಮಾಡ್ತೀರಾ?"

"ಮಂಚ ಭದ್ರಾವತೀಲೂ ಸಿಗ್ತದಮ್ಮ."

"ಹಲಸಿಂದು ಸಿಗ್ತದಾ? ಹೇಳು, ಸಿಗ್ತದಾ?" ಅವತ್ತು ಅಡುಗೆಮನೆಯಲ್ಲಿ ಪಾತ್ರೆಗಳು ಕೆಳಗೆ ಇಳಿಯುವ ಸದ್ದಿಗೆ ಪಕ್ಕದ ಮನೆಯ ಕಾಳಮ್ಮ ಬಂದು ಇಣುಕಿ ಹೋದಳು. ಆದರೂ ಒಂದು ಹಲಗೆ ಕೆಳಗೆ ಇಳಿಯಿತು. ಇನ್ನೊಂದನ್ನು ಮುಟ್ಟಿದರೆ ಕೈ ಮುರಿಯುವುದಾಗಿ ಶೇಷಮ್ಮ ಸಾರಿದರು.

ಹೀಗೆ ಜಗುಲಿಯ ಮೇಲೆ ಕೆಲಸ ಶುರುವಾಯಿತು, ಎರಡು ಪಾಳಿಯಲ್ಲಿ. ಹಗಲು ಓಬಯ್ಯ ತಮ್ಮ ಸ್ಟೀಲ್ ಸ್ಕೇಲನ್ನು ಮೊಳೆಯಿಂದ ಇಳಿಸಿಕೊಂಡು ಕತ್ತು ಕೆತ್ತುವರು. ಮಗ ಅಂಗಡಿಯಿಂದ ಬರುವ ಹೊತ್ತಿಗೆ ಎದ್ದು ಸರ್ಕಲ್ಲಿನ ಕಡೆ ಹೋಗುವರು. ಸಂಜೆ ಧರ್ಮೇಂದ್ರ ಹಲಗೆ ಕೊಯ್ದು ಉಜ್ಜುವನು. ಅಪ್ಪನ ಉಳಿ ಮುಟ್ಟಬಾರದೆಂದು ಅವನು ಬೇರೆ ಉಳಿ ತಂದಿದ್ದ. ಮಾರನೆಯ ಸಂಜೆ ನೋಡಿದರೆ ಅದು ಮಸೆದು ಥಳಥಳ ಅನ್ನುತ್ತಿತ್ತು. ಅವತ್ತು ಅವನು ಅಪ್ಪನ ಹೆರೆಪುಡಿಯನ್ನೂ ಸೇರಿಸಿ ಗುಡಿಸಿದ. ಸಮತಾ ಹೊಲಿಗೆ ಮಿಷನ್ನಿನ ಹಿಂದೆ ಕೂತು ಇದನ್ನೆಲ್ಲ ನೋಡಿ ಒಳಗೊಳಗೇ ಹಿಗ್ಗಿದಳು. ತನ್ನ ಮಂಚ ಹೋದರೆ ಹೋಗಲಿ ಅನ್ನಿಸಿತು.

ಹೊರುವ ಮಾತು ಮಾತ್ರ ಮೊದಲಿಗಿಂತ ಹೆಚ್ಚಾಯಿತು.

"ಕತ್ತೆ ಎಳೆದಂಗೆ ಎಳೀತಾನೆ ಅರ ಹಿಡಿದು. ಹೇಳು ಅವನಿಗೆ."

"ಅರ ಸ್ವಲ್ಪ ನಿಧಾನ ಎಳೀಬೇಕಂತೆ ಕಣೋ."

"ಕತ್ತು ಒನಕೆ ಆಗಿದೆ ಅಂತ ಹೇಳು ಅಪ್ಪಂಗೆ, ಬೆರಳು ಸುತ್ತೋದು ಬೇಡ್ವಾ?"

"ಇನ್ನೊಂದು ಚೂರು ಸಣ್ಣ ಆದ್ರೆ ಚೆನ್ನಂತೆ ಅಪ್ಪ."

ಶ್ರಾವಣ ಮುಗಿಯುತ್ತ ಬಂದಾಗ ಕತ್ತು ತಯಾರಾಯಿತು. ಮೆಟ್ಟಿಲುಗಳನ್ನು ಓಬಯ್ಯ ಎಷ್ಟು ಚೆನ್ನಾಗಿ ಕೂರಿಸಿದ್ದರೆಂದರೆ ಅಂಗೈ ಸವರಿದರೂ ಒಂದು ಕೂಡ ತಾಗುತ್ತಿರಲಿಲ್ಲ. ಉಳಿದದ್ದು ಬ್ರಿಜ್ಜು ಒಂದೇ. ಲೇತ್ ಅಂಗಡಿಯಲ್ಲಿ ಕಬ್ಬಿಣದ ತುಂಡಿಗೆ ತೂತು ಹೊಡೆಸಿ ತಂದದ್ದು. ಊಟಕ್ಕೆ ಕೂತ ಓಬಯ್ಯ ಹುರುಳಿಸಾರು ಕಲಸುತ್ತ, "ಬ್ರಿಜ್ಜು ನಾನೇ ಕೂರಿಸ್ತೀನಿ ಅಂತ ಹೇಳು ಆ ಪೋಲಿಗೆ. ಒಂದು ವಾರ ನೆಟ್ಟಗೆ ಕೆಲಸ ಮಾಡದೋನ ಕೈಗೆ ಅಳತೆ ಕೊಟ್ರೆ ಎಲ್ಲ ಕೆಡಿಸಿ ಇಡ್ತಾನೆ," ಎಂದರು.

ಸಮತಾ ಇದರಲ್ಲಿ ಮುಳ್ಳು ಹುಡುಕಿದಳು. ಪೂರ್ತಿ ಮುಳ್ಳೇ ಇತ್ತು. ಇಷ್ಟು ದಿನ ಪಟ್ಟ ಪಾಡು ಒಂದು ಮಾತಿಗೆ ನೀರಾಗುವುದಲ್ಲ ಎಂದು ಹೆದರಿದಳು. ಸಂಜೆ ತಮ್ಮ ಬಂದು, "ಬ್ರಿಜ್ಜಿಗೆ ಏನಂದ್ರು?" ಎಂದಾಗ, "ನಿಂಗೇ ಬಿಟ್ಟಿದಾರೆ. ಮಾಡ್ಕೊಳ್ಳಲಿ ಅಂದ್ರು," ಎಂದುಬಿಟ್ಟಳು.

ಧರ್ಮೇಂದ್ರನ ಮುಖ ಅರಳಿತು. "ಅಪ್ಪನೇ ಅಂದ್ರಾ?" ಎಂದು ಎರಡು ಸಲ ಕೇಳಿದ. ಟೇಪು ಹಿಡಿದು, ಮೂವತ್ತನಾಲ್ಕು ಇಂಚಿಗೆ ಗೆರೆ ಎಳೆದು, ಸ್ಕ್ರೂ ಬಿಗಿದ. ಬೆಳಿಗ್ಗೆ ಓಬಯ್ಯ ನೋಡಿ ಮುಖ ಸಿಂಡರಿಸಿದರು. "ಹೇಳಿದ್ದು ಕೇಳೋ ಜಾತಿಯೇ ಅಲ್ಲ," ಎಂದರು, ಅಷ್ಟೇ.

ತಂತಿಯ ನಡುಕವನ್ನು ಕರೆಂಟಿಗೆ ತಿರುಗಿಸುವ ಪಿಕಪ್ಪು ಬೆಂಗಳೂರಿನಿಂದ ಬಂದದ್ದು ಕಾರ್ಯಕ್ರಮದ ಹಿಂದಿನ ದಿನ. ಮನೆಯಲ್ಲಿ ಆಂಪ್ಲಿಫೈಯರ್ ಇರಲಿಲ್ಲ. ಮೇಲಿನ ಮೆಟ್ಟಿಲುಗಳಲ್ಲಿ ಶ್ರುತಿ ಎಲ್ಲೋ ಕೊಂಚ ಹುಳಿ ಹುಳಿ ಅನ್ನಿಸಿದರೂ, ಹೊಸ ತಂತಿ, ಎಳೆದುಕೊಂಡು ಸರಿಯಾಗುತ್ತದೆ ಎಂದುಕೊಂಡ ಧರ್ಮೇಂದ್ರ ಅದನ್ನು ಹಳೇ ಬೆಡ್‌ಶೀಟಿನಲ್ಲಿ ಸುತ್ತಿ ವ್ಯಾನು ಹತ್ತಿದ.

ಭದ್ರಾವತಿ ಓಲ್ಡ್ ಟೌನಿನ ಗಣಪತಿ ಪೆಂಡಾಲು. ಸಮತಾ ಮತ್ತು ಶೇಷಮ್ಮ ಮುಂದಿನ ಕುರ್ಚಿಗಳಲ್ಲಿ ಕೂತಿದ್ದರು. ಯೋಗರಾಜನ ಮನೆಯವರೂ ಬಂದಿದ್ದರು, ಮಂಡಕ್ಕಿ ಪೊಟ್ಟಣ ಹಂಚಿಕೊಂಡರು. ಓಬಯ್ಯ ತಮಗೆ ಯಾರನ್ನೋ ಕಾಣುವುದಿದೆ ಎಂದು ಬೇರೆ ಬಸ್ಸಿನಲ್ಲಿ ಬಂದವರು, ಹಿಂದೆ ಸೈಕಲ್ಲುಗಳ ನಡುವೆ ನಿಂತಿದ್ದರು. ಸಮತಾ ಅವರನ್ನು ನೋಡಿಯೂ ನೋಡದಂತಿದ್ದಳು.

ಮೊದಲ ಎರಡು ಹಾಡು ಚೆನ್ನಾಗಿಯೇ ಹೋದವು. ಹಲಸಿನ ಹಲಗೆಯ ಗುಮ್ಮು ಎದೆಗೆ ತಾಗುವಂತಿತ್ತು. "ಭಾವಮೈದ ಜೋರು," ಎಂದ ಯೋಗರಾಜ್. ಮೂರನೆಯ ಹಾಡಿನಲ್ಲಿ ಧರ್ಮೇಂದ್ರನ ಕೈ ಕತ್ತಿನ ಉದ್ದಕ್ಕೂ ಮೇಲಿನ ಸ್ವರಗಳ ಕಡೆ ಸರಿಯಿತು. ಸರಿದಷ್ಟೂ ಶ್ರುತಿ ಇರಬೇಕಾದ್ದಕ್ಕಿಂತ ಮೇಲೇರಿ ಅಪಸ್ವರವಾಯಿತು. ಹಾಡುವವಳು ತಿರುಗಿ ನೋಡಿದಳು. ಪೆಂಡಾಲಿನಲ್ಲಿ ಯಾರೋ ಸಿಳ್ಳೆ ಹಾಕಿದರು. ಧರ್ಮೇಂದ್ರ ಬಗ್ಗಿ ತಂತಿಯ ಬಿರಡೆ ತಿರುಪಿದ. ಮೇಲೆ ಸರಿಮಾಡಿದರೆ ಕೆಳಗೆ ಕೆಟ್ಟಿತು. ಮುರುಗೇಶಪ್ಪ ಮಾಸ್ಟರು ಕೀಬೋರ್ಡಿನವನಿಗೆ ಎಡಗೈಯಲ್ಲಿ ಬಾರಿಸು ಎಂದು ಸನ್ನೆ ಮಾಡಿ, ತಾವೇ ಬಂದು ಬೇಸ್ ಗಿಟಾರಿನ ವೈರು ಕಿತ್ತರು. ಕಾರ್ಯಕ್ರಮ ಮುಗಿಯುವ ತನಕ ಧರ್ಮೇಂದ್ರ ಸದ್ದಿಲ್ಲದ ಗಿಟಾರ್ ಹಿಡಿದು, ಬಾರಿಸುವವನ ಹಾಗೆ ಬೆರಳಾಡಿಸುತ್ತ ನಿಂತಿದ್ದ. ಸಮತಾಳಿಗೆ ಅಳು ಒತ್ತಿಕೊಂಡು ಬಂತು. ಹಿಂದೆ ತಿರುಗಿ ನೋಡಿದರೆ ಸೈಕಲ್ಲುಗಳ ನಡುವೆ ಅಪ್ಪ ಇರಲಿಲ್ಲ.

ಮರುದಿನ ಮನೆಯಲ್ಲಿ ನಡೆದದ್ದು ಜಗಳವೇ, ಆದರೆ ಅದೂ ಸಮತಾಳ ಮೂಲಕವೇ.

"ಅಪ್ಪಂಗೆ ಹೇಳು, ಮಷಿನ್ ಕವರ್ ಕೆತ್ತಿದಂಗಲ್ಲ ಮೆಟ್ಟಿಲು ಕೂರಿಸೋದು ಅಂತ. ಊರ ಮುಂದೆ ಮಾನ ಹೋಯ್ತು ನಂದು!"

"ಅವನಿಗೆ ಹೇಳು, ಇಷ್ಟು ವರ್ಷದಲ್ಲಿ ನನ್ನ ಒಂದು ಪ್ಯಾಟರ್ನೂ ಅಳತೆ ತಪ್ಪಿ ವಾಪಸ್ ಬಂದಿಲ್ಲ ಅಂತ. ನನ್ನ ಮೆಟ್ಟಿಲು ಕೂದಲೆಳೆಯಷ್ಟೂ ಆಚೀಚೆ ಇಲ್ಲ. ಬ್ರಿಜ್ಜು ಕೂರಿಸಿದೋರನ್ನ ಕೇಳ್ಲಿ."

"ನನ್ನ ಬ್ರಿಜ್ಜು ಮೂವತ್ತನಾಲ್ಕಕ್ಕೇ ಇದೆ!"

"ನನ್ನ ಮಗಳ ಮಂಚ ಹೋಯ್ತಲ್ಲ, ಅದನ್ನ ಯಾರು ಕೇಳ್ತೀರಿ?" ಎಂದರು ಶೇಷಮ್ಮ, ಎರಡೂ ಕಡೆಯವರಿಗೆ ಮುಳ್ಳು ಹಂಚುತ್ತ.

ವಾರ ಕಳೆಯಿತು. ಮಾಸ್ಟರಿಂದ ಸುದ್ದಿ ಬಂತು: ಈ ಸೀಸನ್ನಿಗೆ ಕೀಬೋರ್ಡಿನವನೇ ಸಾಕು, ಮುಂದಿನ ವರ್ಷ ನೋಡೋಣ. ಧರ್ಮೇಂದ್ರ ಊಟ ಬಿಟ್ಟು ಎದ್ದ. ಬೆಡ್‌ಶೀಟಿನ ಗಂಟು ಅಕ್ಕಿ ಡ್ರಮ್ಮಿನ ಹಿಂದೆ ಬಿದ್ದಿತ್ತು. ಓಬಯ್ಯ ಜಗುಲಿಗೂ ಬರದೆ ಒಳಗಿನ ಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗತೊಡಗಿದರು. ಮದುವೆಯ ಸೀರೆ ತರಲು ಹೋಗಬೇಕಾಗಿತ್ತು, ಯಾರಿಗೂ ಮನಸ್ಸಿರಲಿಲ್ಲ.

ಒಂದು ಬೆಳಿಗ್ಗೆ ಸಮತಾ ಜಗುಲಿ ಗುಡಿಸಲು ಹೋದಳು. ಅಪ್ಪ ಬಿಸಾಕಿದ ಸ್ಟೀಲ್ ಸ್ಕೇಲು ಒಂದು ಮೂಲೆಯಲ್ಲಿ, ತಮ್ಮನ ಟೇಪು ಇನ್ನೊಂದು ಮೂಲೆಯಲ್ಲಿ ಬಿದ್ದಿದ್ದವು. ಎರಡನ್ನೂ ಎತ್ತಿ ಬೆಂಚಿನ ಮೇಲೆ ಒಟ್ಟಿಗೆ ಇಟ್ಟಳು. ಇಂಚು ನೋಡಿಯೇ ಹೊಟ್ಟೆ ಹೊರೆಯುವವಳ ಕಣ್ಣು ಸುಮ್ಮನಿರುವುದೇ? ಸ್ಕೇಲಿನ ಇಪ್ಪತ್ತನಾಲ್ಕು ಮುಗಿದ ಕಡೆ ಟೇಪು ಇಪ್ಪತ್ತನಾಲ್ಕೂವರೆ ತೋರಿಸುತ್ತಿತ್ತು. ಬಜಾರಿನ ಟೇಪು, ಅಷ್ಟೇ ಹಣೆಬರಹ ಎಂದುಕೊಂಡು, ತನ್ನ ಬಟ್ಟೆ ಅಳೆಯುವ ಟೇಪು ತಂದು ಹಿಡಿದಳು. ಅದೂ ತಮ್ಮನ ಟೇಪಿನ ಕಡೆಗೇ ಸಾಕ್ಷಿ ಹೇಳಿತು.

ಆಗ ಅವಳಿಗೆ ಚಿಕ್ಕಂದಿನಲ್ಲಿ ಅಪ್ಪ ಹೇಳಿದ್ದು ನೆನಪಾಯಿತು. ಕಾದ ಉಕ್ಕು ಆರುವಾಗ ಕುಗ್ಗುತ್ತದೆ. ಅದಕ್ಕೇ ಮರದ ಪ್ಯಾಟರ್ನನ್ನು ಕೊಂಚ ದೊಡ್ಡದಾಗಿ ಮಾಡಬೇಕು. ಪ್ರತಿ ಸಲ ಲೆಕ್ಕ ಹಾಕುತ್ತ ಕೂರುವ ಬದಲು ಅವರ ಸ್ಕೇಲಿನ ಇಂಚನ್ನೇ ಹಿಗ್ಗಿಸಿ ಮಾಡಿರುತ್ತಾರೆ. ಅಪ್ಪನ ಮೆಟ್ಟಿಲುಗಳೆಲ್ಲ ಆ ಹಿಗ್ಗಿದ ಇಂಚಿನವು. ತಮ್ಮನ ಬ್ರಿಜ್ಜು ಬಜಾರಿನ ಇಂಚಿನದು. ಬ್ರಿಜ್ಜನ್ನೂ ಅಪ್ಪನೇ ಕೂರಿಸಿದ್ದರೆ ಅದೂ ಹಿಗ್ಗಿದ ಇಂಚಿನಲ್ಲೇ ಕೂತು, ಎಲ್ಲ ಒಂದಕ್ಕೊಂದು ಹೊಂದಿಕೊಂಡು, ಶ್ರುತಿ ಸರಿಯಾಗಿಯೇ ಇರುತ್ತಿತ್ತು. ಕೂರಿಸಲು ಬಿಡದವಳು ತಾನು.

ಅವಳು ಪೊರಕೆ ಹಿಡಿದು ಅಲ್ಲೇ ಕುಕ್ಕರಿಸಿದಳು. ಯಾರಿಗೆ ಹೇಳುವುದು? ತಮ್ಮನಿಗೆ ಹೇಳಿದರೆ ಅಪ್ಪನ ಆ ಒಂದು ಅಭಿಮಾನವೂ ಹೋಯಿತು. ಅಪ್ಪನಿಗೆ ಹೇಳಿದರೆ ಅವರು ಮತ್ತೆ ಉಳಿ ಮುಟ್ಟುವುದಿಲ್ಲ. ಹೇಳದಿದ್ದರೆ ಇಬ್ಬರೂ ಸಾಯುವ ತನಕ ಒಬ್ಬರನ್ನೊಬ್ಬರು ದೂರುತ್ತಾರೆ. ಮುಳ್ಳು ತೆಗೆದು ಹೇಳುವ ದಾರಿ ಇದಕ್ಕೆ ಇರಲಿಲ್ಲ.

ಆ ಭಾನುವಾರ ಬಂಗುಡೆ ಸಾರು. ಸಮತಾ ಎರಡು ತಟ್ಟೆ ಒಟ್ಟಿಗೆ ಹಾಕಿದಳು. ಶೇಷಮ್ಮ ಕಣ್ಣು ಬಿಟ್ಟರು. ಓಬಯ್ಯ ಬಾಗಿಲಲ್ಲೇ ನಿಂತು, "ಅವನ ಊಟ ಆಗ್ಲಿ," ಎಂದರು.

"ಇವತ್ತು ಒಂದೇ ಸಲ ಬಡಿಸೋದು. ಕೂತ್ರೆ ಕೂತ್ಕೊಳ್ಳಿ, ಇಲ್ಲಾಂದ್ರೆ ಇಬ್ರೂ ಉಪವಾಸ ಇರಿ," ಎಂದಳು ಸಮತಾ. ಅವಳ ದನಿ ಯಾವತ್ತೂ ಹಾಗೆ ಇರುತ್ತಿರಲಿಲ್ಲ. ಇಬ್ಬರೂ ಕೂತರು. ನಡುವೆ ಅವಳು ಸ್ಕೇಲನ್ನೂ ಟೇಪನ್ನೂ ಜೋಡಿಸಿ ಇಟ್ಟಳು.

ಓಬಯ್ಯ ಸ್ಕೇಲಿನ ತುದಿ ನೋಡಿದರು. ಎತ್ತಿ ಕಿಟಕಿಯ ಬೆಳಕಿಗೆ ಹಿಡಿದರು. ಟೇಪನ್ನೂ ಅದರ ಪಕ್ಕ ಎಳೆದು ಹಿಡಿದು ಗೆರೆ ಎಣಿಸಿದರು. ಧರ್ಮೇಂದ್ರನ ತುತ್ತು ಕೈಯಲ್ಲೇ ಉಳಿದಿತ್ತು, ನಗಬಹುದಾಗಿತ್ತು, ನಗಲಿಲ್ಲ.

"ನಾ ಕೆತ್ತಿದ್ದೆಲ್ಲ ಆಮೇಲೆ ಉಕ್ಕು ಆಗ್ತಿತ್ತು," ಎಂದರು ಓಬಯ್ಯ, ತಟ್ಟೆಗೆ ಹೇಳಿದ ಹಾಗೆ. "ಇದು ಮರವಾಗೇ ಉಳೀತದೆ ಅನ್ನೋದು ಕೈಗೆ ಹೊಳೀಲಿಲ್ಲ."

"ತಪ್ಪು ನಂದೂ ಇದೆ," ಎಂದಳು ಸಮತಾ. "ಬ್ರಿಜ್ಜು ನಾನೇ ಕೂರಿಸ್ತೀನಿ ಅಂದಿದ್ರು ಅಪ್ಪ. ನಾನು ನಿಂಗೆ ಹೇಳ್ಲಿಲ್ಲ. ನಿಂಗೇ ಬಿಟ್ಟಿದಾರೆ ಅಂತ ಸುಳ್ಳು ಹೇಳ್ದೆ. ಅವರು ಬೈದು ಹೇಳಿದ್ರು, ಅದಕ್ಕೆ."

ಧರ್ಮೇಂದ್ರನ ಮುಖ ಕಪ್ಪಿಟ್ಟಿತು. "ಅಂದ್ರೆ ಅಪ್ಪ ಬಿಟ್ಟಿರ್ಲಿಲ್ವಾ? ಬೈದಿದ್ರೆ ಬೈದಿದ್ರು ಅಂತ ಹೇಳ್ಬೇಕಿತ್ತಕ್ಕ! ನಿನ್ನನ್ಯಾರು ಬದಲಾಯಿಸು ಅಂದ್ರು?"

"ಅದೇ ಮತ್ತೆ! ಹೇಳಿದ್ದು ಹೇಳ್ದಂಗೆ ಹೇಳ್ಬೇಕಿತ್ತು," ಎಂದರು ಓಬಯ್ಯ. "ಎಷ್ಟು ದಿನದಿಂದ ನಡೀತಿದೆ ಇದು?"

"ಇನ್ನೂ ಏನೇನು ಮುಚ್ಚಿಟ್ಟಿದೀಯೋ," ಎಂದ ಧರ್ಮೇಂದ್ರ.

ವರ್ಷದ ಮೇಲೆ ಮೊದಲ ಸಲ ಅಪ್ಪ ಮಗ ಒಂದೇ ಮಾತು ಆಡಿದ್ದರು, ಅದೂ ಅವಳ ಮೇಲೆ. ಸಮತಾಳಿಗೆ ಮೈಯೆಲ್ಲ ಉರಿಯಿತು. ಇಷ್ಟು ದಿನ ಇವರ ಬೈಗುಳವನ್ನೆಲ್ಲ ತನ್ನ ಹೊಟ್ಟೆಗೆ ಹಾಕಿಕೊಂಡದ್ದಕ್ಕೆ ಇದು ಸಿಕ್ಕ ಮರ್ಯಾದೆ. ಅವಳು ಸೌಟು ಕೆಳಗಿಟ್ಟು, "ಇನ್ನು ಮೇಲೆ ನಾನು ಯಾರ ಮಾತೂ ಹೊರಲ್ಲ. ಬೇಕಾದ್ರೆ ಮಾತಾಡ್ಕೊಳ್ಳಿ, ಬೇಡದಿದ್ರೆ ಮೂಗರಾಗಿರಿ," ಎಂದು ಎದ್ದುಹೋದಳು.

ಆಮೇಲೆ ಒಂದಷ್ಟು ದಿನ ಮನೆಯಲ್ಲಿ ನಿಜವಾಗಿಯೂ ಮಾತೇ ಇರಲಿಲ್ಲ. ಬಚ್ಚಲ ಲೈಟು ಹಗಲೆಲ್ಲ ಉರಿಯಿತು. ನಲ್ಲಿ ನೀರು ಬಂದು ಹೋದದ್ದು ಯಾರಿಗೂ ತಿಳಿಯಲಿಲ್ಲ. ಸಮತಾ ಹಟ ಬಿಡದೆ, ತುಟಿ ಕಚ್ಚಿಕೊಂಡು, ಹೊಲಿಗೆ ಮಿಷನ್ ತುಳಿಯುತ್ತ ಕೂತಳು.

ಮಹಾನವಮಿಗೆ ಆಯುಧಪೂಜೆಯಾಯಿತು. ಓಬಯ್ಯ ಉಳಿಗಳನ್ನು ತೊಳೆದು ಕುಂಕುಮ ಇಟ್ಟರು. ಪಕ್ಕದಲ್ಲಿ ಸ್ಕೇಲು, ಅದರ ಪಕ್ಕ ಬಜಾರಿನ ಟೇಪು. ಅದಕ್ಕೂ ಒಂದು ಬೊಟ್ಟು ಬಿದ್ದಿತ್ತು. ಮಾರನೆಯ ಮಧ್ಯಾಹ್ನ ಶೇಷಮ್ಮ ಮತ್ತು ಸಮತಾ ಅಡುಗೆಮನೆಯಲ್ಲಿದ್ದಾಗ ಜಗುಲಿಯಿಂದ ಸದ್ದು ಬಂತು.

"ಲೋ, ಬ್ರಿಜ್ಜು ಮುಕ್ಕಾಲು ಇಂಚು ಹಿಂದಕ್ಕೆ ಹೋಗ್ಬೇಕು. ಹಲಗೇಲಿ ಜಾಗ ಸಾಲಲ್ಲ."

"ಸಾಲ್ತದೆ."

"ಸಾಲಲ್ಲ ಅಂದೆ. ತುದೀಲಿ ಒಂದು ತುಂಡು ಅಂಟಿಸ್ಬೇಕು."

"ನೀನು ಯಾವ ಸ್ಕೇಲಲ್ಲಿ ನೋಡ್ದೆ?"

ಶೇಷಮ್ಮ ಸೌಟು ಬಿಟ್ಟು ಜಗುಲಿಯ ಕಡೆ ತಿರುಗಿದರು.

"ಯಾವ ಸ್ಕೇಲೂ ಬೇಡ ಕಣೋ, ಕಣ್ಣಿಗೇ ಕಾಣ್ತದೆ! ಅಷ್ಟು ಗಿಡ್ಡ ಕೊಯ್ಯೋಕೆ ಯಾರು ಹೇಳಿದ್ರು ನಿಂಗೆ?"

"ಯಾರೂ ಹೇಳ್ಲಿಲ್ಲ, ಅದೇ ತೊಂದ್ರೆ! ಹೇಳೋಕೆ ನಿಂಗೆ ಬಾಯಿತ್ತಾ? ಒಂದು ವರ್ಷ, ಅಪ್ಪ! ಒಂದು ಕೆಲಸ ಬಿಟ್ಟಿದ್ದಕ್ಕೆ!"

"ಕೆಲಸಕ್ಕಲ್ವೋ! ಆ ಸೂಪರ್‌ವೈಸರ್ ನಗ್ತಿದ್ನಲ್ಲ, ನಾನು ಎಲ್ರ ಮುಂದೆ ನಿಂತಿದ್ದೆ. ನೀನು ಒಂದು ಮಾತು ಹೇಳಿ ಹೋಗಿದ್ರೆ ಏನಾಗ್ತಿತ್ತು?"

ದನಿಗಳು ಒಂದರ ಮೇಲೊಂದು ಏರಿದವು. ಓಣಿಯಲ್ಲಿ ಕಾಳಮ್ಮನ ಬಾಗಿಲು ತೆರೆದ ಸದ್ದಾಯಿತು. ಅಟ್ಟದ ಮೇಲಿನ ಇನ್ನೊಂದು ಹಲಗೆಯ ಹೆಸರೂ ನಡುವೆ ಕೇಳಿಬಂತು.

"ಅಯ್ಯೋ, ಹೊಡೆದಾಡ್ಕೋತಾರೆ ಕಣೇ," ಎಂದರು ಶೇಷಮ್ಮ. "ಸಮತಾ, ಎದ್ದು ಹೋಗೇ. ಏನಂತ ಕೇಳೇ."

ಸಮತಾಳ ಕೈಯಲ್ಲಿ ಅವಳ ಮದುವೆಯ ಬ್ಲೌಸಿತ್ತು. ತೋಳಿನ ಅಂಚು ಮಡಿಸಿ ಕೈಹೊಲಿಗೆ ಹಾಕುತ್ತಿದ್ದಳು. ಅಭ್ಯಾಸಬಲದಿಂದ ಅರ್ಧ ಎದ್ದಳು. ಜಗುಲಿಯ ಕಡೆ ಕಿವಿ ಕೊಟ್ಟಳು. ಎಷ್ಟೊಂದು ಬೈಗುಳ, ಎಷ್ಟೊಂದು ಮುಳ್ಳು. ಅದರಲ್ಲಿ ಎಲ್ಲೂ ಅವಳ ಹೆಸರಿರಲಿಲ್ಲ. ಸಂತೋಷವಾಯಿತು, ಹಾಗೆಯೇ ತಡೆಯಲಾರದಷ್ಟು ಅಳುವೂ ಬಂತು. ಮತ್ತೆ ಕೂತು ದಾರ ಎಳೆದುಕೊಂಡಳು.

"ನನ್ನನ್ನ ಯಾರೂ ಕರೀಲಿಲ್ಲ ಕಣಮ್ಮ," ಎಂದಳು.